ರಾಣಿಯಮ್ಮನ ಹಣೆಗೆ ಕುಂಕುಮ

ಹೋದ ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಇಂಗ್ಲೆಂಡಿನ ರಾಣಿಯ ಹಣೆಯಲ್ಲಿ ಕುಂಕುಮ ಇತ್ತು.

ಕನಸಲ್ಲ ಸ್ವಾಮಿ. ಕಿರಂಗೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ನನ್ನದೇ ಆಲ್ಬಮ್ಮಿನಲ್ಲಿ, ಸ್ಟಾಂಪಿನೊಳಗೆ ಕಿರೀಟ ಹೊತ್ತು ಕೂತ ರಾಣಿಗೆ ಸಾಸಿವೆ ಗಾತ್ರದ ಕೆಂಪು ಬೊಟ್ಟು. ಗಾಬರಿಯಿಂದ ಪುಟ ತಿರುಗಿಸಿದೆ. ಮೀನಿನ ಬುಟ್ಟಿ ಹೊತ್ತ ಪೋರ್ಚುಗಲ್ಲಿನ ಹೆಂಗಸಿಗೂ ಕುಂಕುಮ. ಕಸೂತಿ ಹಾಕುತ್ತಿದ್ದ ಹಂಗೇರಿಯ ಅತ್ತೆ ಸೊಸೆಗೂ ಕುಂಕುಮ. (ಅತ್ತೆ ಸೊಸೆ ಎಂದು ಕಾರ್ಡಿನಲ್ಲಿ ಬರೆದಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದಾರಲ್ಲ, ನಾನೇ ತೀರ್ಮಾನಿಸಿದ್ದು.)

ಈ ಅಂಕಣಕ್ಕೆ ಹೊಸದಾಗಿ ಬಂದವರಿಗೆ ನನ್ನ ಹುಚ್ಚಿನ ಪರಿಚಯ ಮಾಡಿಸಬೇಕು. ನಾನು ಪಿಕ್ಚರ್ ಪೋಸ್ಟ್‌ಕಾರ್ಡ್ ಕೂಡಿಡುತ್ತೇನೆ. ಅದೂ ಮನುಷ್ಯರಿರುವವು ಮಾತ್ರ. ಹಿಮದ ಬೆಟ್ಟ, ಸರೋವರ ಕಳಿಸಿದ ಪೆನ್‌ಫ್ರೆಂಡುಗಳಿಗೆ ಮರ್ಯಾದೆಯಾಗಿ ಥ್ಯಾಂಕ್ಸ್ ಬರೆದು, ಕಾರ್ಡನ್ನು ತಂಗಿಯ ಪುಸ್ತಕಕ್ಕೆ ಗುರುತಿಗಿಡಲು ಕೊಟ್ಟುಬಿಡುತ್ತೇನೆ. ಬೆಟ್ಟವನ್ನು ಅಣಕಿಸಲು ಬರುತ್ತದೆಯೇ? ಮನುಷ್ಯರಾದರೆ ಮಾತಾಡಿಸಬಹುದು. ಪೋರ್ಚುಗಲ್ಲಿನ ಮೀನಮ್ಮನಿಗೆ ನಾನು ಕೊಟ್ಟಿರುವುದು ಪಾಂಡವಪುರದ ಸಂತೆಯಲ್ಲಿ ಸೊಪ್ಪು ಮಾರುವವಳ ಗಂಟಲು. ಲಂಗ ತೊಟ್ಟು ವಾದ್ಯ ಊದುವ ಸ್ಕಾಟ್ಲೆಂಡಿನವನಿಗೆ ಕೆ.ಆರ್. ಪೇಟೆಯ ನಮ್ಮ ಮಾವನ ಧ್ವನಿ. (ಮಾವ ಮನೆಗೆ ಬಂದ ದಿನ ಅವನು ಮೂಕ.)

ಸ್ಟಾಂಪನ್ನು ಬಿಡಿಸುವುದಿಲ್ಲ. ನೀರಲ್ಲಿ ನೆನೆಸಿ, ಕಿತ್ತು, ಕಾರ್ಡನ್ನು ಎಸೆಯುವ ಪಂಗಡ ಬೇರೆ. ಬಂದವರು ಯಾವ ಟಿಕೆಟ್ಟಿನಲ್ಲಿ ಬಂದರೆಂಬುದೂ ಗೊತ್ತಿರಬೇಡವೇ? ಸ್ಕಾಟ್ಲೆಂಡಿನವನ ಬೆನ್ನಿಗಿದ್ದ ಟಿಕೆಟ್ಟೇ ಈ ರಾಣಿ.

ನಮ್ಮ ಪೋಸ್ಟ್‌ಮನ್ ಚನ್ನಪ್ಪಣ್ಣ ಇಂಥ ಕಾರ್ಡನ್ನು ನೇರವಾಗಿ ಮನೆಗೆ ತಂದವರಲ್ಲ. ಮೊದಲು ಹಾಲಿನ ಡೈರಿಯಲ್ಲಿ ಕ್ಯಾನು ಹಿಡಿದು ನಿಂತ ಎಲ್ಲರಿಗೂ ತೋರಿಸಿ, ಆಮೇಲೆ ನಮ್ಮ ಬಾಗಿಲಲ್ಲಿ ನಿಂತು ಅವ್ವನನ್ನು ಕೂಗುತ್ತಾರೆ. "ಅಕ್ಕಾ, ನಿಮ್ಮನೆಗೆ ಇನ್ನೊಬ್ಳು ನೆಂಟ್ರವ್ಳು ಬಂದವ್ಳೆ. ಅನ್ನಕ್ಕಿಕ್ಕಿ."

ಅವ್ವ ಇದನ್ನು ತಮಾಷೆ ಅಂದುಕೊಂಡಿರಲಿಲ್ಲ. ಅದು ನನಗೆ ತಿಳಿದದ್ದು ಭಾನುವಾರವೇ.

ಅವತ್ತು ಶ್ರೀರಂಗಪಟ್ಟಣದ ಒಂದು ಶಾಲೆಯ ಸಭಾಂಗಣದಲ್ಲಿ ಸ್ಟಾಂಪು, ಕಾರ್ಡುಗಳ ಪ್ರದರ್ಶನ. ನಡೆಸುವವರು ರಿಟೈರ್ಡ್ ಬ್ಯಾಂಕ್ ಆಫೀಸರ್ ಶ್ರೀಕಂಠಯ್ಯನವರು. ಅವರ ಹಿಂದೆ ಬಿದ್ದು, ಚೀಲ ಹಿಡಿದು, ಅವರ ನಾಯಿಯನ್ನೂ ಹೊಗಳಿ ನಾನೊಂದು ಮೇಜು ಗಿಟ್ಟಿಸಿದ್ದೆ. ನನ್ನ ಹೆಸರಿನ ಚೀಟಿ ಅಂಟಿಸಿದ, ಪೂರ್ತಿ ನನ್ನದೇ ಮೇಜು. ಡೈರಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೆ. ಈಗ ನೋಡಿದರೆ ಹೀಗೆ.

"ಅವ್ವಾ, ಇದೇನಿದು?"

ಅವ್ವ ರೊಟ್ಟಿ ತಟ್ಟುತ್ತಲೇ ಹೇಳಿದಳು. "ನೀನೇ ತಾನೆ ಅಂದಿದ್ದು, ಎಲ್ರುನೂವೆ ಪಟ್ಣಕ್ಕೆ ಕರ್ಕಂಡೋಯ್ತೀನಿ ಅಂತ."

"ಅದಕ್ಕೆ?"

"ಮನೆಗ್ ಬಂದ ಹೆಣ್ಮಕ್ಳು ಬರಿ ಅಣೇಲಿ ಓಗಕಾಯ್ತದಾ? ಕುಂಕ್ಮ ಕೊಡ್ದೆ ಕಳಸ್ಬುಟ್ರೆ ಕಂಡೋರು ಏನಂದಾರು?"

ಒಣ ಕುಂಕುಮ ನುಣುಪು ಕಾರ್ಡಿಗೆ ಹತ್ತುವುದಿಲ್ಲವೆಂದು ನೀರಲ್ಲಿ ಕಲಸಿ, ಒಂದೊಂದೇ ಕಾರ್ಡು ಹೊರಗೆ ತೆಗೆದು, ಕಡ್ಡಿಯಲ್ಲಿ ಇಟ್ಟು, ಒಣಗಿಸಿ, ಹಿಂದುಮುಂದಾಗದಂತೆ ಮತ್ತೆ ಜೋಡಿಸಿದ್ದಳು. ನಾನು ಇಷ್ಟು ಶ್ರದ್ಧೆಯಿಂದ ಪರೀಕ್ಷೆಗೂ ಓದಿದವನಲ್ಲ.

"ಇವನು ಗಂಡಸು ಕಣವ್ವಾ," ಎಂದು ಸ್ಕಾಟ್ಲೆಂಡಿನವನನ್ನು ತೋರಿಸಿದೆ.

ಅವ್ವ ಬೆಳಕಿಗೆ ಹಿಡಿದು ನೋಡಿದಳು. "ಲಂಗ ಆಕವ್ನಲ್ಲ?"

"ಅವರ ಕಡೆ ಗಂಡಸರೂ ಹಾಕ್ತಾರೆ."

"ಇರ್ಲಿ ಬುಡು. ಪೂಜೆ ಮುಗುಸ್ಕಂಡು ಬಂದವ್ನೆ ಅನ್ಕತಾರೆ."

ನಾನು ಹತ್ತಿಯನ್ನು ನೀರಲ್ಲಿ ಅದ್ದಿಕೊಂಡು ಕೂತೆ. ಮೊದಲು ರಾಣಿ. ಇನ್ನೇನು ಹತ್ತಿ ಮುಟ್ಟಬೇಕು, ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಮುತ್ತೈದೇರ ಅಣೆ ಕುಂಕ್ಮ ಅಳಿಸ್ತೀಯೇನ್ಲಾ? ಮನೆ ಒಳಗ್ ಕೂತ್ಕಂಡು?"

"ಮುತ್ತೈದೆ ಅಂತ ಯಾರು ಹೇಳಿದ್ರು? ಆ ಮೀನಮ್ಮನ ಗಂಡನ್ನ ನೀನು ನೋಡಿದ್ಯಾ?"

"ಬದುಕವ್ನೆ ಅಂತ ನಾನಂತೀನಿ. ನಿಂಗೇನ್ಲಾ ಕಷ್ಟ?"

ನಾನು ಯಾವಾಗಲೂ ಮಾಡುವುದನ್ನೇ ಮಾಡಿದೆ. ಅವಳದೇ ಧ್ವನಿಯಲ್ಲಿ, "ಬದುಕವ್ನೆ ಅಂತ ನಾನಂತೀನಿ" ಎಂದು ರಾಗ ಎಳೆದೆ. ತಂಗಿ ನಕ್ಕಳು. ಹತ್ತಿಯನ್ನು ಮತ್ತೆ ಎತ್ತಿಕೊಂಡೆ.

ಆಗ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದಳು.

"ಒರಸ್ಬ್ಯಾಡ ಕಣ್ ಮಗ. ಒರಸುಸ್ಕಳದು ಎಂಗಿರ್ತದೆ ಅಂತ ನಂಗೊತ್ತು. ಯಾವೂರೋರೋ ಏನೋ, ಅವ್ರಿಗ್ಯಾಕೆ ಅದು."

ತಾತ ತೀರಿಕೊಂಡದ್ದು ನಾನು ಹುಟ್ಟುವ ಮೊದಲು. ಅಜ್ಜಿಯ ಹಣೆ ಇರುವುದೇ ಹಾಗೆ ಎಂದುಕೊಂಡು ಬೆಳೆದವನು ನಾನು. ಊರಲ್ಲಿ ಎಲ್ಲರ ಧ್ವನಿ ಮಾಡುತ್ತೇನೆ. ಆ ಮಾತನ್ನು ಮಾತ್ರ ಯಾರ ಮುಂದೆಯೂ ಮಾಡಿ ತೋರಿಸಿಲ್ಲ.

ಆಲ್ಬಮ್ಮನ್ನು ಹಾಗೇ ಸೈಕಲ್ಲಿಗೆ ಕಟ್ಟಿಕೊಂಡು ಹೊರಟೆ.

ಶ್ರೀಕಂಠಯ್ಯನವರು ಭೂತಗನ್ನಡಿ ಹಿಡಿದು ಬಾಗಿದರು. ಎರಡನೇ ಪುಟಕ್ಕೆ ನೆಟ್ಟಗಾದರು.

"ಇದೇನಯ್ಯಾ ಇದು?"

"ಕುಂಕುಮ ಸಾರ್."

"ಅದು ಕಾಣುತ್ತೆ. ಯಾಕೆ?"

"ಊರಿಗೆ ಹೊರಟಿದ್ರಲ್ಲ ಸಾರ್."

ಅವರು ನಗಲಿಲ್ಲ. ತಮ್ಮ ಮೇಜಿಗೆ ಕರೆದೊಯ್ದು ಗಾಜಿನಡಿ ಇಟ್ಟಿದ್ದ ಸ್ಟಾಂಪು ತೋರಿಸಿದರು. ಅಲ್ಲೂ ಇದೇ ರಾಣಿ. ಆದರೆ ಅಂಚೆಯವರ ಕಪ್ಪು ಗುಂಡು ಮುದ್ರೆ ಸರಿಯಾಗಿ ಮುಖದ ಮೇಲೇ ಬಿದ್ದು, ಮೂಗು ಬಾಯಿ ಯಾವುದೆಂದು ಗೊತ್ತಾಗುತ್ತಿರಲಿಲ್ಲ.

"ನೋಡು, ನಟ್ಟನಡುವೆ ಬಿದ್ದಿದೆ. ಇಂಥದ್ದಕ್ಕೆ ಬೆಲೆ. ನಿನ್ನದು ಡ್ಯಾಮೇಜ್ಡ್." ಆಮೇಲೆ ಮೆತ್ತಗಾಗಿ, ಜೇಬಿನಿಂದ ಹತ್ತಿ ತೆಗೆದು ಕೊಟ್ಟರು. "ನಿಧಾನಕ್ಕೆ ಒರೆಸು. ಪೂರ್ತಿ ಹೋದರೆ ಮೇಜು ನಿನ್ನದೇ."

ಅಲ್ಲೇ ಮೇಜು. ಚೀಟಿ ಅಂಟಿಸಿಯಾಗಿತ್ತು. ಒರೆಸಿದರೆ ಕಿರಂಗೂರಿನಲ್ಲಿ ಯಾರಿಗೆ ಗೊತ್ತಾಗುತ್ತದೆ? ಹತ್ತಿಯನ್ನು ಅವರ ಕೈಗೇ ವಾಪಸ್ ಕೊಟ್ಟೆ.

"ಒರೆಸಲ್ಲ ಸಾರ್."

"ಯಾಕಯ್ಯಾ?"

"ಮನೇಲಿ ಬೈತಾರೆ."

(ಮೀಸೆ ಬಂದ ಗಂಡಸು ಆಡುವ ಮಾತೇ ಇದು?)

ಮೇಜು ನಾಗಮಂಗಲದಿಂದ ಬಂದಿದ್ದ ಬೆಂಕಿಪೊಟ್ಟಣದ ಚೀಟಿ ಕೂಡಿಡುವವರ ಪಾಲಾಯಿತು. ಹೊರಗೆ ಬಂದರೆ, ಚನ್ನಪ್ಪಣ್ಣ ಡೈರಿಯ ನಾಲ್ಕು ಜನರನ್ನು ಕಟ್ಟಿಕೊಂಡು ಆಗತಾನೇ ಬಸ್ಸಿಳಿದು ಬರುತ್ತಿದ್ದಾರೆ.

"ಎಲ್ಲಿಲಾ ನಿನ್ ಮೇಜು?"

"ಇದೇ ಕಣಣ್ಣ," ಎಂದು ಸೈಕಲ್ ಸ್ಟ್ಯಾಂಡಿನ ಕಟ್ಟೆ ತೋರಿಸಿ ಆಲ್ಬಮ್ ಬಿಚ್ಚಿದೆ. ಮೀನಮ್ಮ ಪಾಂಡವಪುರದ ಗಂಟಲಲ್ಲಿ ಚೌಕಾಸಿ ಮಾಡಿದಳು. ಸ್ಕಾಟ್ಲೆಂಡಿನ ಮಾವ ಸಾಲದವರನ್ನು ಬೈದ. ಅತ್ತೆ ಸೊಸೆ ಕೊನೆಗೂ ಬಾಯಿ ಬಿಟ್ಟರು. ಸಭಾಂಗಣದೊಳಗಿನ ಜನ ಒಬ್ಬೊಬ್ಬರೇ ಹೊರಗೆ ಬಂದು ನಿಂತರು. "ಇವ್ಳು ನಮ್ಮ ದೊಡ್ಡಮ್ಮನ ತರಾನೇ ಅವ್ಳೆ ಕಣ್ಲಾ" ಎಂದು ಚನ್ನಪ್ಪಣ್ಣ ಮೀನಮ್ಮನನ್ನು ಹೊಸದಾಗಿ ನೋಡುವವರಂತೆ ನೋಡಿದರು. ಟೀ ಲೋಟ ಹಿಡಿದ ಶ್ರೀಕಂಠಯ್ಯನವರೂ ಬಾಗಿಲಲ್ಲಿ ಕಂಡರು. ನಕ್ಕರೋ ಇಲ್ಲವೋ, ಲೋಟ ಅಡ್ಡ ಇತ್ತು.

ಸಂಜೆ ಮನೆಗೆ ಬಂದಾಗ ಅಜ್ಜಿ ಕೇಳಿದಳು. "ಎಲ್ರೂ ವಾಪಸ್ ಬಂದ್ರಾ?"

"ಬಂದ್ರು."

"ಅಂಗೇ ಅವ್ರಾ?"

"ಅಂಗೇ ಅವ್ರೆ ಕಣಜ್ಜಿ." ಆದರೂ ಪ್ರತಿಯೊಬ್ಬಳನ್ನೂ ತೆಗೆಸಿ ನೋಡಿಯೇ ಅವಳು ಊಟಕ್ಕೆ ಎದ್ದದ್ದು.

ಶ್ರೀಕಂಠಯ್ಯನವರೇ, ಅಂಚೆಯವರು ರಾಣಿಯ ಮುಖಕ್ಕೆಲ್ಲ ಮಸಿ ಬಡಿದರೆ ಬೆಲೆ ಏರುತ್ತದೆ, ನಮ್ಮವ್ವ ಒಂದು ಬೊಟ್ಟು ಕುಂಕುಮ ಇಟ್ಟರೆ ಇಳಿದುಬಿಡುತ್ತದೆಯೇ?