ಕೈ ಮುಟ್ಟದೆ, ಬಾಯಿ ಬಿಡದೆ

ನನಗೆ ಚಿಕ್ಕಂದಿನಿಂದ ಉಗ್ಗು. ಯಾರಾದರೂ ಹೆಸರು ಕೇಳಿದರೆ ಮೊದಲ ಅಕ್ಷರವೇ ನಾಲಿಗೆಗೆ ಅಂಟಿಕೊಳ್ಳುತ್ತದೆ. ಅಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಗಿ ಬಂದು ಇಲ್ಲೇ ನೆಲೆನಿಂತರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ. ಮೂರರಲ್ಲೂ ನಾನು ಉಗ್ಗಿದೆ. ಓದು ಮುಗಿದ ಮೇಲೆ ಊರ ಹೊರಗಿನ ಇಂಜೆಕ್ಷನ್ ಔಷಧದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ, ಅಲ್ಲಿ ಮಾತು ಕಡಿಮೆ ಎಂಬುದೇ ನನಗೆ ದೊಡ್ಡ ಸಮಾಧಾನ.

ನಮ್ಮದು ಔಷಧವನ್ನು ಪುಟ್ಟ ಸೀಸೆಗಳಿಗೆ ತುಂಬುವ ಕೋಣೆ. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಮಾಸ್ಕ್, ಎರಡು ಜೊತೆ ಗ್ಲೌಸ್ ತೊಟ್ಟವರಿಗೆ ಮಾತ್ರ ಪ್ರವೇಶ. ಒಳಗೆ ಹೋದ ಮೇಲೆ ಮೂಗು ತುರಿಸಿದರೂ ಕೆರೆದುಕೊಳ್ಳುವಂತಿಲ್ಲ. ಮೈಮರೆತು ಕೈ ಮುಖಕ್ಕೆ ಹೋಯಿತೋ, ಹೊರಗೆ ಬಂದು ಎಲ್ಲ ಬಿಚ್ಚಿ ಮೊದಲಿನಿಂದ ತೊಡಬೇಕು. ತುಂಬುವ ಯಂತ್ರದ ಭಾಗಗಳನ್ನು ಬಿಚ್ಚಿ ಜೋಡಿಸುವುದು ನನ್ನ ಕೆಲಸ. ಅದರಲ್ಲಿ ಕೈ ಚೆನ್ನಾಗಿ ಪಳಗಿತ್ತು.

ಕೆಲವು ವರ್ಷಗಳ ಹಿಂದೆ ಆ ಕೋಣೆಗೆ ಹೆಡ್‌ಸೆಟ್‌ಗಳು ಬಂದವು. ಅದನ್ನು ತಲೆಗೆ ಹಾಕಿಕೊಂಡರೆ ಎದುರಿನ ಯಂತ್ರ ಕಾಣುತ್ತಲೇ ಇರುತ್ತದೆ, ಅದರ ಮೇಲೆ ಗಾಳಿಯಲ್ಲಿ ಬರೆದಂತೆ ಸೂಚನೆಗಳು ಮೂಡುತ್ತವೆ. ಯಾವ ಸ್ಕ್ರೂ ಮೊದಲು, ಯಾವುದು ಆಮೇಲೆ ಎಂದು. ಎಲ್ಲೋ ದೂರದಲ್ಲಿ ಕೂತ ಇಂಜಿನಿಯರ್‌ಗೂ ನಾವು ನೋಡುವುದೇ ಕಾಣುತ್ತದೆ. ಕಾಗದ ಒಯ್ಯುವಂತಿಲ್ಲದ, ಕಂಡ ಗುಂಡಿ ಒತ್ತುವಂತಿಲ್ಲದ ನಮ್ಮಂಥವರಿಗೆ ಅದು ವರವೇ. ಆದರೆ ಅದು ನಡೆಯುವುದು ಬಾಯಿಮಾತಿನ ಮೇಲೆ. ಒಂದು ಹಂತ ಮುಗಿದರೆ 'ನೆಕ್ಸ್ಟ್' ಅನ್ನಬೇಕು.

ಕಲಿಸಲು ಪುಣೆಯಿಂದ ಒಬ್ಬ ತರುಣಿ ಬಂದಿದ್ದಳು. ಎಲ್ಲರೂ ಸರಾಗವಾಗಿ ಹೇಳಿ ಮುಗಿಸಿದರು. ನನ್ನ ಸರದಿ ಬಂದಾಗ "ನೆ... ನೆ..." ಎಂದಷ್ಟೇ ಹೊರಟಿತು. ಹೆಡ್‌ಸೆಟ್ಟಿಗೆ ಅದು ಮಾತೇ ಅಲ್ಲ. ಕಣ್ಣೆದುರಿನ ಅಕ್ಷರಗಳು ಕದಲದೆ ನಿಂತುಬಿಟ್ಟವು.

ನಮ್ಮ ಸೂಪರ್‌ವೈಸರ್ ಒಳ್ಳೆಯ ಮನುಷ್ಯರೇ. "ಬೇಜಾರು ಮಾಡ್ಕೋಬೇಡ ಬೇಟಾ, ಪ್ಯಾಕಿಂಗ್‌ಗೆ ಹೋಗು. ಅಲ್ಲಿ ಇದರ ಝಂಝಟ್ ಇಲ್ಲ" ಎಂದು ಹಿಂದಿಯಲ್ಲಿ ಮೆತ್ತಗೆ ಹೇಳಿದರು. ಆ ಮೆತ್ತನೆಯ ದನಿಯೇ ಹೆಚ್ಚು ಚುಚ್ಚಿತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟರು.

"ಪ್ಯಾಕಿಂಗ್‌ಗೆ ಯಾಕ ಹೋಗ್ತಿ? ನಾ ಇಡೀ ಸರ್ವೀಸ್ ಹಸಿರು ಝಂಡಾ ತೋರ್ಸೇ ಗಾಡಿ ಬಿಟ್ಟೀನಿ. ಡ್ರೈವರ್‌ಗೆ ಬರೋಬರ್ ತಿಳೀತಿತ್ತು. ಆ ಮಷೀನಿಗೂ ಮಾತಿಲ್ಲದ ತಿಳಿಯೂ ದಾರಿ ಇರಬೇಕು. ಕೇಳಿ ನೋಡು."

"ಕೇ... ಕೇಳಾಕೂ ಬಾಯಿ ಬೇಕಲ್ಲಪ್ಪಾ."

"ಮಷೀನ್ ಕಾಯಲಿಲ್ಲ, ಖರೆ. ಆ ಹುಡುಗಿ ಕಾಯ್ತಾಳವ್ವಾ, ನೀ ಕೇಳು."

ಮರುದಿನ ಕೇಳಿದೆ. ಅಪ್ಪ ಹೇಳಿದಂತೆ ಆಕೆ ನನ್ನ ವಾಕ್ಯ ಮುಗಿಯುವವರೆಗೂ ಕಾದಳು, ನಡುವೆ ಪದ ತುಂಬಿಕೊಡಲು ಬರಲಿಲ್ಲ. ಆಮೇಲೆ ನಕ್ಕು, "ಇದೆ ತಾಯಿ, ಯಾರೂ ಬಳಸಲ್ಲ ಅಷ್ಟೇ" ಎಂದಳು. ಇಲ್ಲಿಯ ಮರಾಠಿಯಲ್ಲಿ 'ತಾಯಿ' ಅಂದರೆ ಅಕ್ಕ. ಹೆಡ್‌ಸೆಟ್ಟಿನ ಸೆಟ್ಟಿಂಗ್ ಬದಲಿಸಿದಳು. ಕಣ್ಣೆದುರು ಒಂದು ಬೆಳಕಿನ ಚುಕ್ಕಿ ಮೂಡಿತು. ತಲೆ ತಿರುಗಿಸಿದತ್ತ ಅದೂ ಹೋಗುತ್ತದೆ. ಬೇಕಾದ ಗುರುತಿನ ಮೇಲೆ ಅದನ್ನು ಕ್ಷಣ ಕಾಲ ಅಲುಗಾಡದೆ ನಿಲ್ಲಿಸಿದರೆ ಸಾಕು, ಗುಂಡಿ ಒತ್ತಿದಂತೆ. ಕೈ ಬೇಡ, ಬಾಯಿಯೂ ಬೇಡ. ಆದರೆ ನನ್ನ ಚುಕ್ಕಿ ಗಾಳಿಗೆ ಸಿಕ್ಕ ದೀಪದಂತೆ ನಡುಗುತ್ತಿತ್ತು.

ಅಪ್ಪನಿಗೆ ಹುರುಪು ಬಂತು. ಸೀತಾಬರ್ಡಿ ಪೇಟೆಯ ಫುಟ್‌ಪಾತಿನಿಂದ ಮಕ್ಕಳಾಟಿಕೆಯ ಕೆಂಪು ಬೆಳಕಿನ ಟಾರ್ಚ್ ತಂದು ನನ್ನ ಹೇರ್‌ಬ್ಯಾಂಡಿಗೆ ಕಟ್ಟಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಅವರು ಕೂಗಿದ ದಿನದ ಮೇಲೆ ನಾನು ಬೆಳಕು ನಿಲ್ಲಿಸಬೇಕು. "ಏಕಾದಶಿ! ಹಾಂ, ಹಲ್ಲಿ ಹಂಗ ನಿಲ್ಸು... ಅಮಾಸಿ!" ಪಕ್ಕದ ಮನೆಯವರು ಬಂದು ನೋಡಿ ನಕ್ಕು ಹೋದರು. ಕತ್ತು ನೋಯುತ್ತಿತ್ತು. ಆದರೆ ಚುಕ್ಕಿ ದಿನದಿನಕ್ಕೂ ನೆಟ್ಟಗೆ ನಿಲ್ಲತೊಡಗಿತು. ಸೂಪರ್‌ವೈಸರ್ ನನ್ನನ್ನು ಪ್ಯಾಕಿಂಗ್‌ಗೆ ಕಳಿಸದೆ, ಸದ್ಯಕ್ಕೆ ಇನ್ನೊಬ್ಬರ ಜೊತೆಗಾರಳಾಗಿ ಉಳಿಸಿಕೊಂಡರು.

ಒಂದು ದಿನ ಕೆಲಸದ ನಡುವೆ ಸೀಸೆ ತುಂಬುವ ಸೂಜಿಯೊಂದು ಕಟ್ಟಿಕೊಂಡು ಯಂತ್ರ ನಿಂತಿತು. ನನ್ನ ಜೊತೆಗಾರ ಹೆಡ್‌ಸೆಟ್ ಹಾಕಿಕೊಂಡು ಬಿಚ್ಚಲು ಶುರುಮಾಡಿದ. ಗಾಳಿಯಂತ್ರದ ಭರಾಟೆ, ಬಾಯಿಗೆ ಮಾಸ್ಕ್, ಅವನ 'ನೆಕ್ಸ್ಟ್' ಒಮ್ಮೆ ಕೇಳಿದರೆ ಇನ್ನೊಮ್ಮೆ ಕೇಳುತ್ತಿರಲಿಲ್ಲ. ಕೊನೆಗೆ ದೂರದ ಇಂಜಿನಿಯರ್‌ಗೆ "ನೆಕ್ಸ್ಟ್ ಕ್ಯಾ ಕರೂಂ ಸರ್?" ಎಂದು, ಮುಂದೇನು ಮಾಡಲಿ ಅಂತ ಕೇಳಿದ. ಹೆಡ್‌ಸೆಟ್ ಅದನ್ನೇ ಅಪ್ಪಣೆ ಎಂದುಕೊಂಡು ಮುಂದಿನ ಹಂತಕ್ಕೆ ಹಾರಿತು. ಗಾಬರಿಯಲ್ಲಿ ಅವನ ಕೈ ಹಣೆಗೆ ಹೋಯಿತು. ಅಷ್ಟೇ, ಅವನು ಹೊರಗೆ ಹೋಗಲೇಬೇಕು.

ಗಾಜಿನ ಆಚೆಯಿಂದ ಸೂಪರ್‌ವೈಸರ್ ನನ್ನತ್ತ ನೋಡಿ ಬೆರಳು ತೋರಿಸಿದರು. ನೀನು.

ಒಳಗೆ ಸಿದ್ಧವಾಗಿಟ್ಟಿದ್ದ ಇನ್ನೊಂದು ಹೆಡ್‌ಸೆಟ್ ಹಾಕಿಕೊಂಡೆ, ಗ್ಲೌಸ್ ಬದಲಿಸಿದೆ. ಚುಕ್ಕಿ ಮೂಡಿತು. ಈ ಸಲ ಅದು ನಡುಗಲಿಲ್ಲ. ಒಂದು ಭಾಗ ಬಿಚ್ಚಿದೆ, ಚುಕ್ಕಿ ನಿಲ್ಲಿಸಿದೆ, ಮುಂದಿನ ಸೂಚನೆ ಬಂತು. ಮತ್ತೆ ಬಿಚ್ಚಿದೆ. ಕೈ ಯಂತ್ರದಿಂದ ಎಲ್ಲಿಗೂ ಹೋಗಲಿಲ್ಲ, ಮಾತು ಎಲ್ಲೂ ಅಡ್ಡಿಯಾಗಲಿಲ್ಲ. ಹೊಸ ಸೂಜಿ ಕೂರಿಸಿದ ಮೇಲೆ ಕಿವಿಯಲ್ಲಿ ಇಂಜಿನಿಯರ್, "ಬಹುತ್ ಸಾಫ್ ಕಾಮ್" ಎಂದು ನನ್ನ ಅಚ್ಚುಕಟ್ಟು ಕೆಲಸವನ್ನು ಮೆಚ್ಚಿದರು. ಪರೀಕ್ಷೆಯೆಲ್ಲ ಮುಗಿದು ಸೀಸೆಗಳ ಸಾಲು ಮತ್ತೆ ಹೊರಟಾಗ ಮಾಸ್ಕಿನೊಳಗೆ ನಾನು ನಗುತ್ತಿದ್ದೆ. ಅದು ಯಾರಿಗೂ ಕಾಣಲಿಲ್ಲ.

ಆ ಕೋಣೆಯಲ್ಲಿ ಈಗ ಎಲ್ಲರೂ ಚುಕ್ಕಿಯಿಂದಲೇ ಹೆಡ್‌ಸೆಟ್ ನಡೆಸುತ್ತಾರೆ. ಹೊಸಬರಿಗೆ ಕಲಿಸುವುದು ನಾನು. ಆ ಸುದ್ದಿ ತಿಳಿದ ದಿನ ಅಪ್ಪ ಸಂಜೆಯ ನಡಿಗೆಗೆ ಹೋಗಿ, ಸಿಕ್ಕವರಿಗೆಲ್ಲ ಮರಾಠಿಯಲ್ಲಿ ಹೇಳಿಕೊಂಡು, ಕತ್ತಲಾದ ಮೇಲೆ ಮನೆಗೆ ಬಂದರು.

ಕಳೆದ ವರ್ಷ ಪುಣೆಯ ಆ ತರುಣಿ ಫೋನ್ ಮಾಡಿ, ತರಬೇತಿಯ ಪಾಠವನ್ನು ಹಿಂದಿಯಲ್ಲಿ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಲು ಕೇಳಿದಳು. ಕೂತು ಮಾತಾಡಿದೆ. ಎಲ್ಲೆಲ್ಲಿ ತಡೆಯಿತೋ ಅಲ್ಲಲ್ಲಿ ನಿಂತೆ, ಮತ್ತೆ ಹೇಳಿದೆ. ಕೇಳಿದ ಮೇಲೆ ಆಕೆ ಸಂಕೋಚದಿಂದ, "ತಾಯಿ, ತಡೆದ ಜಾಗಗಳನ್ನ ತೆಗೆದು ಸರಿ ಮಾಡಲಾ? ನಿಮಗೆ ಬೇಕಾದರೆ ಮಾತ್ರ" ಎಂದಳು.

"ಇ... ಇರಲಿ," ಎಂದೆ. "ನಾನು ಮಾತಾಡೋದೇ ಹಾಗೆ."

ಅದು ಹಾಗೆಯೇ ಇದೆ. ಹೊಸಬರು ಮೊದಲ ದಿನ ಕೂತು ಕೇಳುವುದು ಅದನ್ನೇ.