ಜಿರಾಫೆಯ ಕಪ್ಪು ನಾಲಿಗೆ

ಮೊನ್ನೆ ಮೊಮ್ಮಗಳೊಡನೆ ಹೋಗಿದ್ದ ಮೈಸೂರಿನ ಮೃಗಾಲಯದಲ್ಲಿ ಜಿರಾಫೆಯೊಂದು ಎತ್ತರದಲ್ಲಿ ಕಟ್ಟಿದ್ದ ಸೊಪ್ಪಿಗೆ ಕತ್ತು ಚಾಚಿ, ಮೊಳದುದ್ದದ ನಾಲಿಗೆಯಿಂದ ಎಲೆಗಳನ್ನು ಸುತ್ತಿ ಎಳೆದುಕೊಂಡಿತು. ನಾಲಿಗೆ ನೇರಳೆಹಣ್ಣು ತಿಂದಂತೆ ಕಪ್ಪಗಿತ್ತು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ.

ಈಗ ನಮ್ಮೊಡನಿಲ್ಲದ ನನ್ನ ಮಗಳು ಮೂರನೆಯ ತರಗತಿಯಲ್ಲಿದ್ದಾಗ, ಶೆಟ್ಟಿಕೆರೆಯ ನಮ್ಮ ಜಗಲಿಯಲ್ಲಿ ಕುಳಿತು ಜಿರಾಫೆಯ ಚಿತ್ರ ಬರೆದು, ನಾಲಿಗೆಗೆ ಕಪ್ಪು ಬಳಿದಿದ್ದಳು. ಎತ್ತು ಕೊಳ್ಳಲು ಬಂದವರೂ ಅಲ್ಲಿದ್ದರು. ಹಲ್ಲು ಎಣಿಸಿ, ಮೈಮೇಲಿನ ಸುಳಿ ನೋಡಿ ರಾಸು ಕೊಳ್ಳುವ ನಮ್ಮಲ್ಲಿ ಕರಿನಾಲಿಗೆಯೆಂದರೆ ಅಪಶಕುನ.

"ಯಾವ ಪ್ರಾಣಿಗೆ ಕಪ್ಪು ನಾಲಿಗೆ ಇರುತ್ತೆ? ಅಳಿಸು" ಎಂದೆ.

"ಇದಕ್ಕಿರುತ್ತೆ ಕಣಪ್ಪ. ದಿನವೆಲ್ಲ ನಾಲಿಗೆ ಚಾಚಿ ಜಾಲಿಸೊಪ್ಪು ತಿನ್ನುತ್ತಲ್ಲ, ಬಿಸಿಲಿಗೆ ಸುಡಬಾರ್ದು ಅಂತ."

"ಹಂಗಾದ್ರೆ ನಮ್ಮ ಮೇಕೆಗಳು ಕೊಡೆ ಹಿಡ್ಕಂಡು ಮೇಯ್ತವೇನೇ?"

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಪಡೆದಿದ್ದ ನನಗೆ, ಎಂಟು ವರ್ಷದ ಮಗುವನ್ನು ಸೋಲಿಸಿದ್ದೂ ಗೆಲುವೆನಿಸಿತು. ಅವಳು ಅಳಲಿಲ್ಲ; ಕಾಗದ ಹರಿಯುವವರೆಗೂ ಆ ನಾಲಿಗೆಯನ್ನು ಉಜ್ಜಿದಳು. ಅಂದಿನಿಂದ ಯಾವ ಚಿತ್ರವನ್ನೂ ನನಗೆ ತೋರಿಸಲು ತರಲಿಲ್ಲ.

"ತಾತ, ಅದರ ನಾಲಿಗೆ ಯಾಕೆ ಕಪ್ಪು?" ಮೊಮ್ಮಗಳು ಕೈ ಜಗ್ಗಿದಳು.

"ನಿಮ್ಮಮ್ಮಂಗೆ ಗೊತ್ತಿತ್ತು ಕಣವ್ವ. ಹೇಳಿದ್ಲು. ನಾನೇ ಕೇಳಲಿಲ್ಲ" ಎಂದೆ.