ಜೊತೆಗೊಂದು ಲೋಟ ಮಜ್ಜಿಗೆ

ಮನೆಮನೆಗೆ ಹೋಗುವ ನರ್ಸ್ ನಾನು. ಉಟ್ಕೂರಿನ ಸಿದ್ರಾಮಪ್ಪನವರ ಕಾಲಿನ ಬಾವು ಮತ್ತೆ ಏರಿತ್ತು. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದರು. ನೀರು, ಉಪ್ಪು ಎರಡನ್ನೂ ಡಾಕ್ಟರು ಕಡಿಮೆ ಮಾಡಿಸಿದ್ದರು.

"ಕಾಕಾ, ರಕ್ತ ಮುಂದಕ್ಕ ದಬ್ಬೋ ಬಲ ನಿಮ್ಮ ಹೃದಯಕ್ಕ ಕಡಿಮಿ ಆಗೈತ್ರಿ. ರಕ್ತ ಹಿಂದ ನಿಂತು ಕಾಲಾಗ, ಎದಿಯಾಗ ನೀರು ತುಂಬತೈತಿ. ದಿನಾ ಎಷ್ಟು ಕುಡೀತೀರಿ?"

"ನಾ ಎಲ್ಲಿ ಕುಡೀತೀನವ್ವಾ?"

ಅವರ ಹೆಂಡತಿ ಒಳಗಿನಿಂದಲೇ ಹೇಳಿದರು: "ಮಾತಾಡ್ಸಾಕ ಬಂದೋರಿಗೆಲ್ಲಾ ಉಪ್ಪು ಹಾಕಿ ಮಜ್ಜಿಗಿ ಕೊಡತೀವ್ರಿ. ಅವರ ಜೋಡಿ ಇವರಿಗೂ ಒಂದು ಲೋಟ ಬೇಕು."

"ಬಂದೋರು ಒಬ್ಬರೇ ಕುಡದ್ರ ಚಲೋ ಕಾಣಂಗಿಲ್ಲವ್ವಾ," ಎನ್ನುತ್ತಾ ಕಾಕಾ ನನ್ನ ಮುಂದೊಂದು ಲೋಟ ಇಟ್ಟು ಇನ್ನೊಂದಕ್ಕೆ ಕೈ ಹಾಕಿದರು.

ಎರಡನ್ನೂ ನಾನೇ ಕುಡಿದೆ. ಈಗ ಉಟ್ಕೂರಿಗೆ ಹೊಟ್ಟೆ ಖಾಲಿ ಇಟ್ಟುಕೊಂಡೇ ಹೋಗುತ್ತೇನೆ.